ಸಹಾಯ ಬೇಕು: ಅರವಟ್ಟಿಗೆ ನಡೆಸಿದವರು ಯಾರಾದರೂ ಇದ್ದೀರಾ?

ಶರಣು ಶರಣಾರ್ಥಿ. ನಮ್ಮದು ಕಲಬುರಗಿ. ಬಿಸಿಲು 42 ದಾಟಿದ ಮೇಲೆ ಇಷ್ಟಲಿಂಗ ಪೂಜೆಗೆ ಕೂತರೂ ಮನಸ್ಸು ನಿಲ್ಲುತ್ತಿಲ್ಲ. ಕರೆಂಟ್ ಹೋದರಂತೂ ಧ್ಯಾನವೆಲ್ಲ ಫ್ಯಾನಿನ ಮೇಲೆಯೇ. ಅತ್ತೆಯವರ ಮಾತಿಗೆ ಬಸವ ಜಯಂತಿಯಂದು ಮನೆ ಮುಂದಿನ ಬೇವಿನ ಮರದಡಿ ಎರಡು ಮಣ್ಣಿನ ಹರವಿ ಇಟ್ಟೆ. ನಿನ್ನೆ ಮಧ್ಯಾಹ್ನ ತಳ್ಳುಗಾಡಿಯವರೊಬ್ಬರು ಮೂರು ಲೋಟ ಕುಡಿದು, ಒದ್ದೆ ಕೈಯನ್ನು ಕಣ್ಣಿಗೊತ್ತಿಕೊಂಡು ಹೋದರು. ತಿಂಗಳಿಂದ ಪೂಜೆಯಲ್ಲಿ ಸಿಗದ ನೆಮ್ಮದಿ ಆಗ ಸಿಕ್ಕಿತು. ದಾಸೋಹ ಅಂದರೆ ಇದೇನಾ?

ಹರವಿಗೆ ಒದ್ದೆ ಗೋಣಿಚೀಲ ಸುತ್ತಿದ್ದೇನೆ, ಆದರೂ ಎರಡು ಗಂಟೆಗೆಲ್ಲ ನೀರು ಬೆಚ್ಚಗಾಗುತ್ತದೆ. ಕೆಳಗೆ ಮರಳು ಹಾಕಲೇ? ಲೋಟ ಉಳಿಸಿಕೊಳ್ಳುವುದು ಹೇಗೆ? (ನಾಲ್ಕು ಆಗಲೇ ಮಾಯ!) ನೀರು ಕೊಡುವಾಗ ಮನಸ್ಸಿನಲ್ಲೇ ಹೇಳಿಕೊಳ್ಳಲು ಚಿಕ್ಕ ವಚನವಿದ್ದರೂ ತಿಳಿಸಿ.