ಹೊಸ ಕಾರಿಗೆ ಸೆರಾಮಿಕ್ ಕೋಟಿಂಗ್: ಭಾವ ಕೇಳಿದ ಪ್ರಶ್ನೆಗೆ

ಭಾವ, ನಿಮ್ಮ ಮೆಸೇಜ್ ನೋಡಿದೆ. ಹೊಸ ಕಾರಿಗೆ ಸೆರಾಮಿಕ್ ಕೋಟಿಂಗ್ ಹಾಕಿಸಿಬಿಡಿ, ಗೀರು ಬೀಳಲ್ಲ, ಐದು ವರ್ಷ ತೊಳೆಯುವ ತಾಪತ್ರಯ ಇಲ್ಲ ಅಂತ ಅಂಗಡಿಯವರು ಹೇಳಿದರಂತೆ. ಹಾಕಿಸಲಾ ಬೇಡವಾ ಅಂತ ಕೇಳಿದ್ದೀರಿ. ಸೆರಾಮಿಕ್ ಕೋಟಿಂಗ್ ಅಂದರೆ ಕಾರಿನ ಬಣ್ಣದ ಮೇಲೆ ಹಚ್ಚುವ, ಗಟ್ಟಿಯಾಗಿ ತೆಳು ಪದರವಾಗುವ ಪಾರದರ್ಶಕ ದ್ರವ. ಇದನ್ನು ಟೈಪ್ ಮಾಡಲು ಕೂತರೆ ಮುಗಿಯುವುದಿಲ್ಲ, ಅದಕ್ಕೇ ನಮ್ಮ ಮನೆಯವರ ಗ್ರೂಪಿಗೆ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ. ಅಕ್ಕಾ, ನೀನೂ ಕೇಳು. ಮನೆಯಲ್ಲಿ ಕಾರು ತೊಳೆಯುವವಳು ನೀನೇ ಅಲ್ವಾ, ಇದರಲ್ಲಿ ಅರ್ಧ ನಿನಗೇ ಸೇರಿದ್ದು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಾಕಿಸಿ ಭಾವ, ಒಳ್ಳೆಯದೇ. ಆದರೆ ಅವರು ಹೇಳಿದ ಕಾರಣಕ್ಕೆ ಬೇಡ. ಗೀರು ಬೀಳಲ್ಲ ಅನ್ನುವುದು ನಿಜ ಅಲ್ಲ. ತೊಳೆಯುವುದೇ ಬೇಡ ಅನ್ನುವುದಂತೂ ಪೂರ್ತಿ ತಪ್ಪು. ಕೋಟಿಂಗ್ ಹಾಕಿದ ಕಾರನ್ನು ತೊಳೆಯುವುದು ಸುಲಭ, ಹೊಳಪು ಬಹಳ ದಿನ ಉಳಿಯುತ್ತದೆ. ಅಷ್ಟಕ್ಕೆ ಹಾಕಿಸಬೇಕು. ಇನ್ನೊಂದು ಮಾತು. ಬಾಟಲಿಯಲ್ಲಿ ಯಾವ ಕಂಪನಿಯ ದ್ರವ ಇದೆ ಅನ್ನುವುದಕ್ಕಿಂತ, ಅದನ್ನು ಹಚ್ಚುವ ಮುಂಚೆ ಏನು ಮಾಡುತ್ತಾರೆ, ಹಚ್ಚಿದ ಮೇಲೆ ನೀವು ಹೇಗೆ ತೊಳೆಯುತ್ತೀರಿ ಅನ್ನುವುದೇ ಜಾಸ್ತಿ ಮುಖ್ಯ. ನಾನು ಈ ಕೆಲಸದಲ್ಲೇ ಇರುವವನು, ದಿನವೂ ಇದನ್ನೇ ನೋಡುತ್ತೇನೆ.

ಕಾರಿನ ತಗಡಿನ ಮೇಲೆ ಪ್ರೈಮರ್ ಅನ್ನುವ ಅಡಿಪದರ ಇರುತ್ತದೆ, ಅದರ ಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ನಾವು ನೋಡಿ ಖುಷಿಪಡುವ ಹೊಳಪು ಈ ಕ್ಲಿಯರ್ ಕೋಟಿನದು. ಎಲ್ಲ ಪದರ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್ ಅಂದರೆ ಲೆಕ್ಕ ಹಾಕಿಕೊಳ್ಳಿ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40-50 ಮೈಕ್ರಾನ್ ಇರಬಹುದು, ತಲೆಗೂದಲಿಗಿಂತ ತೆಳು. ಇನ್ನು ಅದರ ಮೇಲೆ ಕೂರುವ ಸೆರಾಮಿಕ್ ಪದರ ಒಂದೆರಡು ಮೈಕ್ರಾನ್ ಇದ್ದರೆ ಹೆಚ್ಚು. ಇಷ್ಟು ತೆಳ್ಳಗಿನ ಪದರ ರಸ್ತೆಯಲ್ಲಿ ಹಾರಿಬಂದ ಕಲ್ಲನ್ನು ತಡೆಯುತ್ತದಾ? ಯಾರೋ ಕೀಲಿಯಿಂದ ಗೀಚಿದರೆ ತಡೆಯುತ್ತದಾ? ಆಗದ ಮಾತು.

ಬಾಟಲಿಯ ಮೇಲೆ 9ಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಪೆನ್ಸಿಲ್ ಲೆಕ್ಕ. ಚಿತ್ರ ಬಿಡಿಸುವ ಪೆನ್ಸಿಲ್‌ಗಳಲ್ಲಿ ಎಚ್‌ಬಿ, 2ಎಚ್, 4ಎಚ್ ಅಂತ ಇರುತ್ತದಲ್ಲ, ಅದೇ. ಪೆನ್ಸಿಲಿನ ಮೊನೆಯನ್ನು ಓರೆಯಾಗಿ ಒತ್ತಿ ಎಳೆದು, ಗೀರು ಬಿತ್ತಾ ಇಲ್ಲವಾ ನೋಡುತ್ತಾರೆ. 9ಎಚ್ ಪೆನ್ಸಿಲ್ ಎಳೆದರೂ ಗೀರು ಬೀಳಲಿಲ್ಲ ಅನ್ನುವುದಷ್ಟೇ ಅದರ ಅರ್ಥ. ಖನಿಜಗಳ ಗಟ್ಟಿತನ ಹೇಳುವ, ವಜ್ರಕ್ಕೆ 10 ಕೊಡುವ ಮೋಸ್ ಅಳತೆ ಬೇರೆ. ಕೆಲವರು ಎರಡನ್ನೂ ಕಲಸಿ, ವಜ್ರಕ್ಕಿಂತ ಒಂದೇ ಮೆಟ್ಟಿಲು ಕಡಿಮೆ ಅನ್ನುವ ಹಾಗೆ ಮಾರುತ್ತಾರೆ. ಅದನ್ನು ನಂಬಬೇಡಿ. ಸಾಧಾರಣ ರಸ್ತೆ ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಅದು ಪೆನ್ಸಿಲ್ ಕಡ್ಡಿಗಿಂತ ಎಷ್ಟೋ ಗಟ್ಟಿ.

ಕಲ್ಲೇಟಿನದೇ ಭಯ ಇದ್ದರೆ ಅದಕ್ಕೆ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಅಂತ ಬೇರೆಯೇ ಇದೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆ, 150ರಿಂದ 200 ಮೈಕ್ರಾನ್ ದಪ್ಪ. ಒಳ್ಳೆಯ ಹಾಳೆಯಾದರೆ ಸಣ್ಣ ಗೀರುಗಳು ಬಿಸಿಲಿಗೆ ತಾನಾಗಿಯೇ ಮುಚ್ಚಿಕೊಳ್ಳುತ್ತವೆ. ಇಡೀ ಕಾರಿಗೆ ಹಾಕಿಸುವುದು ದುಬಾರಿ. ಹೆದ್ದಾರಿಯಲ್ಲಿ ಜಾಸ್ತಿ ಓಡಾಡುವವರು ಮುಂದಿನ ಬಂಪರ್, ಬಾನೆಟ್, ಕನ್ನಡಿಗಳಿಗೆ ಮಾತ್ರ ಪಿಪಿಎಫ್ ಹಾಕಿಸಿ, ಉಳಿದದ್ದಕ್ಕೆ ಕೋಟಿಂಗ್ ಮಾಡಿಸಿದರೆ ಜಾಣತನ.

ಹಾಗಾದರೆ ಕೋಟಿಂಗಿನಿಂದ ಏನು ಲಾಭ ಅಂತೀರಾ? ಈ ದ್ರವಗಳಲ್ಲಿ ಹೆಚ್ಚಿನವು ಸಿಲಿಕಾನ್ ಆಧಾರದವು. ಹಚ್ಚಿದ ಮೇಲೆ ಗಾಳಿಯ ತೇವದ ಜೊತೆ ಸೇರಿ ಗಟ್ಟಿಯಾಗುತ್ತವೆ, ಕ್ಲಿಯರ್ ಕೋಟನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ವ್ಯಾಕ್ಸ್ ಆದರೆ ಕೆಲವು ವಾರದಲ್ಲಿ ತೊಳೆದುಹೋಗುತ್ತದೆ. ಇದು ವರ್ಷಗಟ್ಟಲೆ ಇರುತ್ತದೆ. ಮೇಲ್ಮೈ ನೀರನ್ನು ಎಷ್ಟು ದೂರ ತಳ್ಳುತ್ತದೆ ಅಂದರೆ, ಕೆಸುವಿನ ಎಲೆಯ ಮೇಲಿನ ಹಾಗೆ ನೀರು ಮಣಿಯಾಗಿ ಉರುಳುತ್ತದೆ, ಹೋಗುವಾಗ ಸ್ವಲ್ಪ ಕೊಳೆಯನ್ನೂ ಎಳೆದುಕೊಂಡು ಹೋಗುತ್ತದೆ. ಕೆಸರು ಗಟ್ಟಿಯಾಗಿ ಅಂಟುವುದಿಲ್ಲ. ಬರೀ ನೀರಿನ ರಭಸಕ್ಕೇ ಅರ್ಧ ಕೊಳೆ ಹೋದರೆ, ಉಜ್ಜುವುದು ಕಡಿಮೆ. ಉಜ್ಜುವುದು ಕಡಿಮೆಯಾದರೆ ಗೀರೂ ಕಡಿಮೆ. ಗೀರಿನ ವಿಷಯದಲ್ಲಿ ಕೋಟಿಂಗಿನ ನಿಜವಾದ ಉಪಕಾರ ಇದೇ.

ಹಕ್ಕಿ ಹಿಕ್ಕೆಯ ವಿಷಯದಲ್ಲೂ ಅಷ್ಟೇ. ಅದರಲ್ಲಿ ಯೂರಿಕ್ ಆಮ್ಲ ಇರುತ್ತದೆ, ಬಿಸಿಲಿಗೆ ಕಾದ ಕ್ಲಿಯರ್ ಕೋಟನ್ನು ಕೊರೆಯುತ್ತದೆ. ಕೋಟಿಂಗ್ ಇದ್ದರೆ ನಿಮಗೆ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಹಾಗಂತ ಮೂರು ದಿನ ಬಿಟ್ಟರೆ ಕಲೆ ಉಳಿಯುತ್ತದೆ. ನೋಡಿದ ತಕ್ಷಣ ಒದ್ದೆ ಬಟ್ಟೆ ಮೇಲಿಟ್ಟು, ನೆನೆಸಿ, ಮೆಲ್ಲಗೆ ಎತ್ತಬೇಕು. ಒಣಗಿದ್ದನ್ನು ಕೆರೆಯಬಾರದು.

ನೀರಿನ ಕಲೆಯ ಬಗ್ಗೆ ಮಾತ್ರ ಮಾರುವವರು ಬಾಯಿ ಬಿಡುವುದಿಲ್ಲ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ಕೋಟಿಂಗ್ ಇರುವ ಕಾರಿನ ಮೇಲೆ ನೀರು ಹನಿಹನಿಯಾಗಿ ನಿಲ್ಲುತ್ತದಲ್ಲ, ಹಾಗೇ ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಪ್ರತಿ ಹನಿಯ ಜಾಗದಲ್ಲೂ ಒಂದು ಬಿಳಿ ಉಂಗುರ ಉಳಿಯುತ್ತದೆ. ಬೋರ್‌ವೆಲ್ ನೀರಿನಲ್ಲಿ ತೊಳೆಯುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಆದ್ದರಿಂದ ತೊಳೆದ ಕೂಡಲೇ ಒರೆಸಲೇಬೇಕು. ಕೋಟಿಂಗ್ ಇದೆ, ತಾನೇ ಒಣಗುತ್ತದೆ ಅಂತ ಬಿಡಬೇಡಿ.

ಈಗ ಹಚ್ಚುವ ಮುಂಚಿನ ಕೆಲಸ. ಇಲ್ಲಿ ಸ್ವಲ್ಪ ಗಮನ ಕೊಡಿ ಭಾವ, ಯಾಕಂದರೆ ಹಣಕ್ಕೆ ತಕ್ಕ ಕೆಲಸ ಆಗುವುದೂ ಇಲ್ಲೇ, ಕೈ ತಪ್ಪುವುದೂ ಇಲ್ಲೇ. ಹೊಸ ಕಾರು, ಏನೂ ಮಾಡುವುದು ಬೇಡ, ನೇರ ಹಚ್ಚಿಬಿಡೋಣ ಅಂದರೆ ಒಪ್ಪಬೇಡಿ. ಕಾರ್ಖಾನೆಯಿಂದ ಶೋರೂಮಿಗೆ ಬರುವಷ್ಟರಲ್ಲಿ ಅದು ಎಷ್ಟೋ ದಿನ ಬಯಲಲ್ಲಿ ನಿಂತಿರುತ್ತದೆ. ಕಬ್ಬಿಣದ ಸಣ್ಣ ಕಣಗಳು ಬಣ್ಣದಲ್ಲಿ ಚುಚ್ಚಿಕೊಂಡಿರುತ್ತವೆ. ಕೊಡುವ ಮುಂಚೆ ಯಾರೋ ಧೂಳಿನ ಬಟ್ಟೆಯಲ್ಲಿ ಒರೆಸಿರುತ್ತಾರೆ. ಒಂದು ಪರೀಕ್ಷೆ ಮಾಡಿ. ಕಾರು ತೊಳೆದು ಒರೆಸಿದ ಮೇಲೆ, ಕೈಗೆ ತೆಳ್ಳನೆಯ ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಮೇಲೆ ಹಗುರಾಗಿ ಸವರಿ. ಬರಿಗೈಗೆ ನುಣ್ಣಗೆ ಅನ್ನಿಸಿದ್ದು ಆಗ ತರಿತರಿಯಾಗಿ ಸಿಗುತ್ತದೆ. ಅದೇ ಅಂಟಿಕೊಂಡ ಕೊಳೆ.

ಅದನ್ನು ತೆಗೆಯಲು ಮೊದಲು ಐರನ್ ರಿಮೂವರ್ ಸಿಂಪಡಿಸುತ್ತಾರೆ. ಕಬ್ಬಿಣದ ಕಣ ಇರುವ ಕಡೆಯೆಲ್ಲ ಅದು ನೇರಳೆ ಬಣ್ಣಕ್ಕೆ ತಿರುಗಿ ಗೆರೆಗೆರೆಯಾಗಿ ಇಳಿಯುತ್ತದೆ. ಬಿಳಿ ಕಾರಾದರೆ ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ಆಮೇಲೆ ಕ್ಲೇ ಬಾರ್ ಅಂತ ಮೆತ್ತನೆಯ ಮಣ್ಣಿನಂಥ ಉಂಡೆ, ಜಾರುವ ದ್ರವ ಹಾಕಿಕೊಂಡು ಅದನ್ನು ಓಡಿಸುತ್ತಾರೆ. ಆಮೇಲೆ ಪಾಲಿಷ್. ನಿಮ್ಮದು ಕಪ್ಪು ಕಾರು, ಅದರಲ್ಲಿ ಸಣ್ಣ ಗೀರೂ ಎದ್ದು ಕಾಣುತ್ತದೆ. ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಬೆಳಕಿನ ಸುತ್ತ ಜೇಡರ ಬಲೆಯ ಹಾಗೆ ಗೀರುಗಳು ಕಾಣುತ್ತವೆ, ಸ್ವರ್ಲ್ ಮಾರ್ಕ್ ಅಂತ ಕರೆಯುವುದು ಅದನ್ನೇ. ಕೋಟಿಂಗ್ ಪಾರದರ್ಶಕ. ಗೀರು ತೆಗೆಯದೆ ಅದರ ಮೇಲೇ ಹಚ್ಚಿದರೆ ಗೀರು ಅಡಿಯಲ್ಲಿ ಹಾಗೇ ಕೂರುತ್ತದೆ. ಆಮೇಲೆ ತೆಗೆಯಬೇಕು ಅಂದರೆ ಕೋಟಿಂಗನ್ನೇ ಉಜ್ಜಿ ತೆಗೆಯಬೇಕು.

ಆದರೆ ಪಾಲಿಷ್ ಅಂದರೆ ಕ್ಲಿಯರ್ ಕೋಟನ್ನು ಸ್ವಲ್ಪ ಸವೆಸುವುದು. ಹೋದದ್ದು ವಾಪಸ್ ಬರುವುದಿಲ್ಲ. ಹೊಸ ಕಾರಿಗೆ ಮೆತ್ತನೆಯ ಪ್ಯಾಡಿನಲ್ಲಿ ಹಗುರ ಪಾಲಿಷ್ ಸಾಕು. ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯಾ ಅಂತ ಕೇಳಿ. ಇಟ್ಟುಕೊಂಡವರು, ಪಾಲಿಷ್‌ಗೆ ಮುಂಚೆ ಅಳೆದು ತೋರಿಸುವವರು ಸಾಮಾನ್ಯವಾಗಿ ಕೆಲಸ ಗೊತ್ತಿದ್ದವರು. ಕೊನೆಗೆ ಪಾಲಿಷ್ ಎಣ್ಣೆಯ ಪಸೆ ಹೋಗುವಂತೆ ಆಲ್ಕೋಹಾಲ್ ಇರುವ ಪ್ಯಾನೆಲ್ ವೈಪ್ ಅನ್ನುವ ದ್ರವದಲ್ಲಿ ಒರೆಸಬೇಕು. ಪಸೆ ಉಳಿದರೆ ಕೋಟಿಂಗ್ ಹಿಡಿಯುವುದಿಲ್ಲ. ಇಷ್ಟೆಲ್ಲ ನೆಟ್ಟಗೆ ಮಾಡಲು ಒಂದು ಇಡೀ ದಿನವಾದರೂ ಬೇಕು. ಬೆಳಿಗ್ಗೆ ಬಿಡಿ, ಎರಡು ಗಂಟೆಯಲ್ಲಿ ಕೊಡುತ್ತೇವೆ ಅಂದವರ ಹತ್ತಿರ ಹೋಗಲೇಬೇಡಿ.

ಹಚ್ಚುವುದು ನೋಡಲು ಸುಲಭ. ಸ್ಪಂಜಿನ ಸಣ್ಣ ತುಂಡಿಗೆ ಮೆತ್ತನೆ ಬಟ್ಟೆ ಸುತ್ತಿ, ಕೆಲವು ಹನಿ ಹಾಕಿಕೊಂಡು, ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ ಹಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಮೇಲೆ ಎಣ್ಣೆ ಬಿದ್ದ ನೀರಿನಲ್ಲಿ ಕಾಣುವ ಥರ ಕಾಮನಬಿಲ್ಲಿನ ಬಣ್ಣ ಏಳುತ್ತದೆ. ಸರಿಯಾಗಿ ಆ ಹೊತ್ತಿಗೆ ಒರೆಸಿ ಸಮ ಮಾಡಬೇಕು. ಸೆಕೆ ಜಾಸ್ತಿ ಇದ್ದರೆ ಬೇಗ ಏಳುತ್ತದೆ, ತಣ್ಣಗಿದ್ದರೆ ನಿಧಾನ. ಒರೆಸುವುದು ತಪ್ಪಿದ ಜಾಗ ಗಟ್ಟಿಯಾಗಿ ಕಪ್ಪು ಮಚ್ಚೆಯಂತೆ ಉಳಿಯುತ್ತದೆ, ಆಮೇಲೆ ಪಾಲಿಷ್ ಮಾಡದೆ ಹೋಗುವುದಿಲ್ಲ. ಕಾರು ವಾಪಸ್ ತೆಗೆದುಕೊಳ್ಳುವಾಗ ಟಾರ್ಚ್ ಹಿಡಿದು ಬಾಗಿಲ ಕೆಳಭಾಗ, ಹಿಡಿಕೆಯ ಹಿಂದೆ, ಬಂಪರಿನ ಮೂಲೆ ನೋಡಿ. ಮಚ್ಚೆ ಉಳಿಯುವುದು ಅಲ್ಲೇ. ಅಲ್ಲೇ ತೋರಿಸಿ, ಅಲ್ಲೇ ಸರಿ ಮಾಡಿಸಿ.

ಮೂರು ಕೋಟು, ಐದು ಕೋಟು ಅಂತ ಏರಿಸುತ್ತಾ ಹೋಗುತ್ತಾರೆ. ಎರಡನೆಯದು, ಮೊದಲ ಸಲ ತಪ್ಪಿದ ಜಾಗ ಮುಚ್ಚುವುದಕ್ಕೆ ಒಳ್ಳೆಯದು. ಅದಕ್ಕಿಂತ ಮೇಲೆ ನಾನಂತೂ ಹೇಳುವುದಿಲ್ಲ. ಆ ಹಣವನ್ನು ಪಾಲಿಷ್ ಚೆನ್ನಾಗಿ ಮಾಡಿಸಲು ಹಾಕಿ.

ಮಾವ, ನೀವು ನಿಮ್ಮ ಕಾರಿನ ಬಾಗಿಲಿಗೆ ಹೊಸದಾಗಿ ಪೇಂಟ್ ಮಾಡಿಸಿದ್ದೀರಿ, ನೀವೂ ಹಾಕಿಸುವ ಯೋಚನೆಯಲ್ಲಿದ್ದೀರಿ ಅಂತ ಅಕ್ಕ ಹೇಳಿದಳು. ನೀವು ತಡೆಯಿರಿ. ಹೊಸ ಪೇಂಟಿನೊಳಗಿನ ಥಿನ್ನರ್ ಹೊರಗೆ ಹೋಗಲು ವಾರಗಳೇ ಬೇಕು. ಪೇಂಟ್ ಮಾಡಿದವರನ್ನು ಕೇಳಿಕೊಂಡು, ಒಂದು ತಿಂಗಳಾದರೂ ಬಿಟ್ಟು ಮಾಡಿಸಿ.

ಭಾವ, ಹಾಕಿಸಿದ ಮೇಲೆ ಮೊದಲ 24 ಗಂಟೆ ನೀರು ತಾಗಬಾರದು. ಮಳೆ ಬರುವ ಹಾಗಿದ್ದರೆ ಅವತ್ತು ಅವರ ಹತ್ತಿರವೇ ಬಿಟ್ಟುಬನ್ನಿ. ಒಂದು ವಾರ ಶಾಂಪೂ ಹಾಕಿ ತೊಳೆಯಬೇಡಿ, ಪೂರ್ತಿ ಗಟ್ಟಿಯಾಗಲು ಅಷ್ಟು ದಿನ ಬೇಕು.

ಅಕ್ಕಾ, ಈಗ ನಿನ್ನ ಪಾಲು. ಬೆಳಿಗ್ಗೆ ಎದ್ದು ಒಣ ಬಟ್ಟೆಯಲ್ಲಿ ಧೂಳು ಝಾಡಿಸುವುದು, ಒಂದೇ ಬಕೆಟ್ ನೀರಿನಲ್ಲಿ ಬಟ್ಟೆ ಅದ್ದಿ ಅದ್ದಿ ಇಡೀ ಕಾರು ಒರೆಸುವುದು, ಇವೆರಡನ್ನೂ ದಯವಿಟ್ಟು ನಿಲ್ಲಿಸಿಬಿಡು. ಕಾರಿನ ಮೇಲಿನ ಗೀರುಗಳಲ್ಲಿ ಬಹುಪಾಲು ಹೀಗೆ ಒರೆಸಿಯೇ ಬರುವುದು. ಮೊದಲು ಪೈಪಿನಲ್ಲಿ ನೀರು ಬಿಟ್ಟು ಸಡಿಲ ಧೂಳು ಇಳಿಸು. ಆಮೇಲೆ ಎರಡು ಬಕೆಟ್ ಇಟ್ಟುಕೋ. ಒಂದರಲ್ಲಿ ಕಾರಿನ ಶಾಂಪೂ, ಪಿಎಚ್ ನ್ಯೂಟ್ರಲ್ ಅಂತ ಬರೆದಿರುವುದು. ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸ್ ಶಾಂಪೂವಿನಲ್ಲಿ ಅದ್ದಿ ಒಂದು ಭಾಗ ತೊಳೆ, ಬರೀ ನೀರಿನಲ್ಲಿ ಗ್ಲೌಸ್ ಜಾಲಿಸು, ಆಮೇಲೆ ಮತ್ತೆ ಶಾಂಪೂ. ಮೇಲಿನಿಂದ ಶುರು ಮಾಡಿ ಕೆಳಗೆ ಬಾ, ಕೆಳಗಿನ ಭಾಗದಲ್ಲಿ ಮರಳು ಜಾಸ್ತಿ. ಚಕ್ರಕ್ಕೆ ಬೇರೆ ಬಟ್ಟೆ. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಬಿಸಿಲಿನಲ್ಲಿ ಕಾದ ಕಾರಿನ ಮೇಲೂ ಬೇಡ, ಶಾಂಪೂ ಅಲ್ಲೇ ಒಣಗಿಬಿಡುತ್ತದೆ. ಒರೆಸುವಾಗ ದಪ್ಪ ಮೈಕ್ರೋಫೈಬರ್ ಟವೆಲ್ ಹಾಸಿ ಎಳೆದರೆ ಸಾಕು, ಒತ್ತುವುದು ಬೇಡ. ಆ ಟವೆಲ್ ಒಗೆಯುವಾಗ ಬಟ್ಟೆ ಮೆತ್ತಗಾಗಿಸುವ ಕಂಫರ್ಟ್ ಥರದ್ದು ಹಾಕಬೇಡ, ನೀರು ಹೀರುವುದು ಕಡಿಮೆಯಾಗುತ್ತದೆ. ಕೆಳಗೆ ಬಿದ್ದ ಟವೆಲ್ ಮತ್ತೆ ಕಾರಿಗೆ ತಾಗಿಸಬೇಡ. ಧೂಳು ಇದ್ದಾಗ ಮೇಲೆ ಕವರ್ ಹೊದಿಸುವುದೂ ತಪ್ಪು. ಗಾಳಿಗೆ ಕವರ್ ಅಲುಗಾಡಿದಷ್ಟೂ ಧೂಳು ಉಜ್ಜುತ್ತದೆ. ಬ್ರಶ್ ತಿರುಗುವ ಆಟೋಮ್ಯಾಟಿಕ್ ವಾಶ್‌ಗೂ ಕಳಿಸಬೇಡ.

ಕೆಲವು ತಿಂಗಳಾದ ಮೇಲೆ ನೀರು ಮಣಿಯಾಗುವುದು ನಿಂತರೆ ಕೋಟಿಂಗ್ ಹೋಯಿತು ಅಂತ ಗಾಬರಿ ಬೀಳಬೇಡಿ. ಹೆಚ್ಚಿನ ಸಲ ಮೇಲೆ ಕೊಳೆ ಕೂತು ಮುಚ್ಚಿರುತ್ತದೆ. ಐರನ್ ರಿಮೂವರ್ ಹಾಕಿ ಚೆನ್ನಾಗಿ ತೊಳೆದರೆ ಮತ್ತೆ ಮೊದಲಿನಂತೆ ಆಗುತ್ತದೆ. ಮೇಲೆ ಒಂದು ಸೆರಾಮಿಕ್ ಸ್ಪ್ರೇ ಹೊಡೆದುಕೊಂಡರೆ ಇನ್ನೂ ಒಳ್ಳೆಯದು, ಮನೆಯಲ್ಲೇ ಮಾಡಬಹುದು.

ವಾರಂಟಿ ಕಾಗದ ಹಣ ಕೊಡುವ ಮುಂಚೆಯೇ ಓದಿ. ಐದು ವರ್ಷ ಅಂತ ಮುಂದೆ ಇರುತ್ತದೆ, ಇಷ್ಟು ತಿಂಗಳಿಗೊಮ್ಮೆ ನಮ್ಮಲ್ಲೇ ಬಂದು ಸರ್ವಿಸ್ ಮಾಡಿಸಬೇಕು ಅಂತ ಒಳಗೆ ಇರುತ್ತದೆ. ಒಂದು ಸರ್ವಿಸ್ ತಪ್ಪಿದರೂ ವಾರಂಟಿ ಹೋಗಬಹುದು. ಆ ಸರ್ವಿಸಿಗೆ ಬೇರೆ ಹಣವಾ, ಹಕ್ಕಿ ಹಿಕ್ಕೆ ಮತ್ತು ನೀರಿನ ಕಲೆ ವಾರಂಟಿಯಲ್ಲಿ ಸೇರಿದೆಯಾ, ಇವೆರಡನ್ನು ಬಾಯಿ ಬಿಟ್ಟು ಕೇಳಿ, ಕಾಗದದಲ್ಲಿ ಬರೆಸಿಕೊಳ್ಳಿ.

ಇವತ್ತು ರಾತ್ರಿ ಕಾರು ತೊಳೆದು ಒರೆಸಿ, ಟಾರ್ಚ್ ಬೆಳಕಿನಲ್ಲಿ ಬಾನೆಟ್ಟಿನದೂ ಎರಡೂ ಬಾಗಿಲಿನದೂ ಫೋಟೋ ತೆಗೆದು ಇಲ್ಲೇ ಗ್ರೂಪಿಗೆ ಹಾಕಿ. ಎಷ್ಟು ಪಾಲಿಷ್ ಬೇಕಾಗುತ್ತದೆ ಅಂತ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅವರಿಗೆ ಅಡ್ವಾನ್ಸ್ ಕೊಡಬೇಡಿ.