ಮೆಲ್ಬರ್ನ್ ವಿಕ್ಸೆನ್ಸ್ ಅಂದ್ರೆ ಯಾವ ತಂಡ?

ಡೊಂಬಿವಲಿ ಅಮ್ಮ:
ಮಗಳು ಶಾಲೇಲಿ ನೆಟ್‌ಬಾಲ್ ಆಡ್ತಾಳೆ. ಮೆಲ್ಬರ್ನ್‌ನಲ್ಲಿರೋ ನಮ್ಮಕ್ಕ ‘ವಿಕ್ಸೆನ್ಸ್’ ಅಂತ ಬರೆದ ಟೀ ಶರ್ಟ್ ಕಳಿಸಿದಾಳೆ. ಮಗಳು ಲೋಕಲ್ ಟ್ರೇನಲ್ಲೂ ಅದೇ ಹಾಕ್ಕೊಂಡು ಬರ್ತಾಳೆ, ದಾರಿಯುದ್ದಕ್ಕೂ ಪ್ರಶ್ನೆ. ಎಷ್ಟು ಹಳೇ ತಂಡ ಇದು?

ಕೊಥ್ರೂಡ್ ಕಾಕಾ:
ತಂಗೀ, ಪುಣೆದಾಗ ಇಪ್ಪತ್ತು ವರ್ಷ ಪಿ.ಟಿ. ಮಾಸ್ತರಕಿ ಮಾಡೀನಿ, ನನ್ನ ಕೇಳು. ಮೆಲ್ಬರ್ನ್‌ದಾಗ ಮೊದಲ ಫೀನಿಕ್ಸ್, ಕೆಸ್ಟ್ರೆಲ್ಸ್ ಅಂತ ಎರಡು ತಂಡ ಇದ್ದುವು. 2008ರಾಗ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕೂಡಿ ಹೊಸಾ ಲೀಗ್ ಶುರು ಮಾಡಿದ್ವು, ದೇಶಕ್ಕ ಐದೈದ ತಂಡ. ಜಾಗಾ ಸಾಲಲಿಲ್ಲ, ಎರಡೂ ಕೂಡಿ ವಿಕ್ಸೆನ್ಸ್ ಆತು. ಮರುವರ್ಷನ ಕಪ್ ಹೊಡದ್ರಲ್ಲವ್ವಾ! ಶರೆಲ್ ಮೆಕ್‌ಮಹನ್ ನಾಯಕಿ. ಮತ್ತ 2014, ಆಮ್ಯಾಲೆ 2020. ಆ ಫೈನಲ್ ವೆಸ್ಟ್ ಕೋಸ್ಟ್ ಫೀವರ್ ಮ್ಯಾಲೆ, 66–64. ಎರಡ ಗೋಲು! ಚಹಾ ಆರಿ ಹೋತು, ನಾ ಕುಡೀಲೇ ಇಲ್ಲ.

ಮಾಟುಂಗಾ ಹುಡುಗಿ:
2017ರಿಂದ ಅವರು ಸೂಪರ್ ನೆಟ್‌ಬಾಲ್ ಲೀಗ್‌ನಲ್ಲಿ ಆಡ್ತಾರೆ. ಲೋಕಲ್‌ನಲ್ಲಿ ಯಾರಾದ್ರೂ ‘ಬಾಸ್ಕೆಟ್‌ಬಾಲಾ?’ ಅಂದ್ರೆ ಹೇಳಿ ಅಕ್ಕಾ: ರಿಂಗ್ ಹಿಂದೆ ಹಲಗೆ ಇರಲ್ಲ, ಡ್ರಿಬಲ್ ಮಾಡೋ ಹಾಗಿಲ್ಲ, ಮೂರು ಸೆಕೆಂಡಲ್ಲಿ ಚೆಂಡು ಕೈ ಬಿಡ್ಬೇಕು.

ಡೊಂಬಿವಲಿ ಅಮ್ಮ:
ಕಾಕಾ, ಓದಿ ಹೇಳಿದೆ. ಈಗ ಕೆಸ್ಟ್ರೆಲ್ಸ್ ಟೀ ಶರ್ಟೂ ಬೇಕಂತೆ.