ಗ್ರೀನ್ಸ್‌ಬರ್ಗ್: ಹಳೇ ಊರಂತೆ, ಹಳೇದು ಒಂದೂ ಕಾಣಲಿಲ್ಲ. ಯಾಕೆ?

ರಾಗಿಮುದ್ದೆ_ವಿಚಿಟಾ

ಬೆಂಗಳೂರಿಂದ ವಿಮಾನದ ಕೆಲಸಕ್ಕೆ ಅಂತ ಕಾನ್ಸಾಸ್‌ನ ವಿಚಿಟಾಗೆ ಬಂದು ನಾಲ್ಕು ತಿಂಗಳಾಯಿತು. ಹೋದ ಶನಿವಾರ ಡಾಡ್ಜ್ ಸಿಟಿ ನೋಡಿಕೊಂಡು ವಾಪಸ್ ಬರುವಾಗ ಗ್ರೀನ್ಸ್‌ಬರ್ಗ್ ಅಂತ ಒಂದು ಪುಟ್ಟ ಊರು ಸಿಕ್ಕಿತು. ಕೈಯಲ್ಲಿ ತೋಡಿದ ಜಗತ್ತಿನ ಅತಿ ದೊಡ್ಡ ಬಾವಿ ಇಲ್ಲಿದೆ ಅಂತ ಬೋರ್ಡು. ಮಗಳು ಬಿಡಲಿಲ್ಲ, ಇಳಿದೆವು. ಹೊತ್ತಾಗಿತ್ತು, ಮ್ಯೂಸಿಯಂ ಬಾಗಿಲು ಹಾಕಿದ್ದರು.

ಸುಮ್ನೆ ಊರೊಳಗೆ ಒಂದು ಸುತ್ತು ಹಾಕಿದೆವು. 1886ರಲ್ಲಿ ಹುಟ್ಟಿದ ಊರಂತೆ. ಆದರೆ ಆಸ್ಪತ್ರೆ, ಸ್ಕೂಲು, ಸಿಟಿ ಹಾಲ್ ಎಲ್ಲ ಈಚೆಗೆ ಕಟ್ಟಿದ ಹಾಗಿವೆ. ದೊಡ್ಡ ಮರ ಕಡಿಮೆ. ಕೆಲವು ಸೈಟಿನಲ್ಲಿ ಮನೆಯೇ ಇಲ್ಲ, ರಸ್ತೆಯಿಂದ ಒಳಕ್ಕೆ ಕಾಂಕ್ರೀಟ್ ದಾರಿ ಮಾತ್ರ ಇದೆ! ಪೆಟ್ರೋಲ್ ಬಂಕಿನಲ್ಲಿ ಕೇಳಿದರೆ "ಸುಂಟರಗಾಳಿ" ಅಂದರು, ಅಷ್ಟೇ. ಮೊದಲಿನ ಊರು ನೋಡಿದವರು ಇಲ್ಲಿ ಯಾರಾದರೂ ಇದ್ದೀರಾ?

ಬಿಸಿಲುಕುದುರೆ

2007ರ ಮೇ 4, ಶುಕ್ರವಾರ ರಾತ್ರಿ. ಊರಿನ ಶೇ. 95 ಭಾಗ ನೆಲಸಮ ಆಯಿತು. ಆಮೇಲೆ ಪರಿಸರಸ್ನೇಹಿ ಊರು ಅಂತ ಮತ್ತೆ ಕಟ್ಟಿದರು, ಹಾಲಿವುಡ್ ನಟ ಡಿಕಾಪ್ರಿಯೊ ಅದರ ಮೇಲೆ ಟಿವಿ ಸರಣಿ ಮಾಡಿಸಿದ. ನನಗೆ ಗೊತ್ತಿರುವುದು ಇಷ್ಟು. ಬಾವಿಕಟ್ಟೆ ಅವರು ಹಳೇ ವಿಚಿಟಾದವರು, ಅವರು ಬಂದು ಹೇಳಲಿ.

ಬಾವಿಕಟ್ಟೆ

ಬಂದೆ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಆ ಊರನ್ನ ಮೂರು ಸಲ ನೋಡಿದ್ದೇನೆ. ಮೊದಲ ಸಲ 2006ರ ಜುಲೈ. ಅಪ್ಪ ಶಿರಾದಿಂದ ಬಂದಿದ್ದರು. ಹೊಲದಲ್ಲಿ ಎರಡು ಬಾವಿ ತೋಡಿಸಿ ಎರಡರಲ್ಲೂ ನೀರು ಕಾಣದ ಮನುಷ್ಯ. ಬಾವಿ ನೋಡೋಕೂ ಟಿಕೆಟ್ಟಾ ಅಂತ ನಕ್ಕರು. ಬಾಯಿ 32 ಅಡಿ ಅಗಲ, ಆಳ 109 ಅಡಿ. ಆಗ ತಳದವರೆಗೂ ಇಳಿಯಲು ಬಿಡುತ್ತಿದ್ದರು, 105 ಮೆಟ್ಟಿಲು. ಮೇಲೆ ಕಾದ ಕಾವಲಿ, ಕೆಳಗೆ ತಣ್ಣಗೆ, ಕಲ್ಲಿನ ತೇವದ ವಾಸನೆ. ನೀರಿನಡಿ ಜನ ಎಸೆದ ಚಿಲ್ಲರೆ ಕಾಸು ಹೊಳೆಯುತ್ತಿತ್ತು. ಅಪ್ಪ ಗೋಡೆಗೆ ಕೈಯಿಟ್ಟು ನಿಂತವರು ನನಗೆ ಹೇಳಿದರು: "ಅವರನ್ನ ಕೇಳು, ಇಷ್ಟು ಮಣ್ಣು ಎಲ್ಲಿ ಸುರಿದರು?"

ಬಾವಿ ಗೊತ್ತಿರುವವರ ಪ್ರಶ್ನೆ ಅದು, ಅಲ್ವಾ? ಕೌಂಟರಿನ ಅಜ್ಜಿಗೆ ಖುಷಿಯೋ ಖುಷಿ. 1887ರಲ್ಲಿ ಕೆಲಸ ಶುರು. ತೋಡಿದವರು ಸುತ್ತಲಿನ ರೈತರು, ದನ ಕಾಯುವವರು, ದಾರಿಹೋಕರು. ದಿನಗೂಲಿ ಅರ್ಧ ಡಾಲರಿನಿಂದ ಒಂದು ಡಾಲರ್. ಗುದ್ದಲಿ, ಸಲಿಕೆ, ರಾಟೆ, ಹಗ್ಗ, ಅಷ್ಟೇ ಸಾಮಾನು. ಮಣ್ಣು ತುಂಬುವ ಬಂಡಿಗೆ ತಳದಲ್ಲಿ ಬಿಡಿ ಪಟ್ಟಿಗಳು. ಗೋಡೆಗೆ ಬೇಕಾದ ಕಲ್ಲು ಹನ್ನೆರಡು ಮೈಲಿ ದೂರದ ಮೆಡಿಸಿನ್ ನದಿಯಿಂದ ಬರಬೇಕಿತ್ತು. ಬಂಡಿ ಆ ದಾರಿಯಲ್ಲೇ ಮಣ್ಣು ಹೇರಿಕೊಂಡು ಹೊರಡುತ್ತಿತ್ತು. ಗುಂಡಿ ಸಿಕ್ಕ ಕಡೆ ಪಟ್ಟಿ ಎಳೆದರೆ ಮಣ್ಣು ಸುರಿಯಿತು, ರಸ್ತೆ ಮಟ್ಟ ಆಯಿತು. ಹೋಗುವಾಗ ಮಣ್ಣು, ಬರುವಾಗ ಕಲ್ಲು. ಇದನ್ನ ಕೇಳಿ ಅಪ್ಪ ತಲೆದೂಗಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಯಾಗರ ನೋಡಿ "ನೀರು ಪೋಲು" ಅಂದಿದ್ದರು, ಅಂಥವರು.

ಉಗಿಬಂಡಿಗೆ ನೀರು ಬೇಕು, ಊರಿಗೂ ಬೇಕು, ಹತ್ತಿರದಲ್ಲಿ ಹೊಳೆಯಿಲ್ಲ. ಅದಕ್ಕೇ ಅಷ್ಟು ದೊಡ್ಡ ಬಾವಿ. 1932ರವರೆಗೆ ಊರು ಅದರ ನೀರನ್ನೇ ಕುಡಿಯಿತು. 1939ರಲ್ಲಿ ಪ್ರವಾಸಿಗರಿಗೆ ತೆರೆದರು.

ಊರಿನ ಹೆಸರು ಹಸಿರು ಬಣ್ಣದ್ದಲ್ಲ. ಡೊನಾಲ್ಡ್ ಗ್ರೀನ್ ಅಂತ ಕುದುರೆ ಕೋಚು ಓಡಿಸುತ್ತಿದ್ದ ಆಸಾಮಿಯದು, ಅಡ್ಡಹೆಸರು ಕ್ಯಾನನ್‌ಬಾಲ್. ಹೆಂಡದಂಗಡಿಗಳನ್ನ ಕೊಡಲಿಯಲ್ಲಿ ಒಡೆದ ಕ್ಯಾರಿ ನೇಷನ್ ಒಮ್ಮೆ ಅವನ ಬಾಯಿಂದ ಸಿಗಾರ್ ಕಿತ್ತೆಸೆದಳು, ಅವನು ಅವಳನ್ನ ಬಯಲಲ್ಲೇ ಇಳಿಸಿ ಹೋದ ಅಂತ ಊರವರು ಕತೆ ಹೇಳುತ್ತಾರೆ. ನಿಜವೋ ಸುಳ್ಳೋ, ಹೇಳುವಾಗ ಮಾತ್ರ ಎಲ್ಲರೂ ಗ್ರೀನ್‌ನ ಪಕ್ಷ!

ಎರಡನೇ ಸಲ ಹೋಗಿದ್ದು ಸುಂಟರಗಾಳಿ ಆದ ಮೂರನೇ ವಾರ, ಕಸ ಎತ್ತೋಕೆ. ಅಮೆರಿಕ ಸುಂಟರಗಾಳಿ ಅಳೆಯುವ ಹೊಸ ಮಾಪನ ತಂದು ಮೂರು ತಿಂಗಳಾಗಿತ್ತು. ಅದರಲ್ಲಿ ತುತ್ತತುದಿಯ ಇಎಫ್5 ಅಂತ ದಾಖಲಾದ ಮೊದಲನೆಯದು ಇದೇ. ಅಗಲ 1.7 ಮೈಲಿ, ಅಂದರೆ ಊರಿಗಿಂತ ಗಾಳಿಯೇ ಅಗಲ. 11 ಜನ ಸತ್ತರು. ಸೈರನ್ ಮೊದಲೇ ಕೂಗಿತ್ತು, ಜನ ನೆಲಮಾಳಿಗೆಗೆ ಇಳಿದಿದ್ದರು. ಇಲ್ಲದಿದ್ದರೆ ಲೆಕ್ಕ ಬೇರೆಯೇ ಆಗುತ್ತಿತ್ತು.

ಅಲ್ಲಿ ನಿಂತರೆ ದಿಕ್ಕೇ ತಿಳಿಯದು. ದೂರಕ್ಕೆ ಕಾಣುವ ಹಾಗೆ ನಿಂತಿದ್ದು ಧಾನ್ಯದ ಕಣಜದ ಬಿಳಿ ಗೋಪುರ ಒಂದೇ, ಅದನ್ನ ನೋಡಿಕೊಂಡು ಬೀದಿ ಹುಡುಕಬೇಕು. ಮರಗಳಿಗೆ ತೊಗಟೆಯೂ ಉಳಿದಿರಲಿಲ್ಲ. ನಮ್ಮ ಗುಂಪಿಗೆ ಒಬ್ಬರು ಮುದುಕಿಯ ಸೈಟು ಕೊಟ್ಟರು. ಮನೆಯಿಲ್ಲ. ನೆಲದಲ್ಲಿ ಚೌಕ ಗುಂಡಿ, ಅದಕ್ಕೆ ಮೆಟ್ಟಿಲು. ಕೆಳಗೆ ಹೋದರೆ ಗೋಡೆಯ ಹಲಗೆ ಮೇಲೆ ಸಾಲಾಗಿ ಗಾಜಿನ ಜಾಡಿಗಳು, ಹುರುಳಿಕಾಯಿ, ಟೊಮ್ಯಾಟೊ, ಪೀಚ್. ಒಂದೂ ಒಡೆದಿರಲಿಲ್ಲ. ಆಯಮ್ಮ ಮೇಲೆ ಮಡಚುವ ಕುರ್ಚಿ ಹಾಕಿಕೊಂಡು ನಾವು ತಂದ ಜಾಡಿಗಳನ್ನ ಎಣಿಸುತ್ತಿದ್ದರು. ನಲವತ್ತೊಂದು. "ಇನ್ನೊಂದಿರಬೇಕು" ಅಂತ ನನ್ನನ್ನ ಮತ್ತೆ ಇಳಿಸಿದರು. ಇತ್ತು, ಮೂಲೆಯಲ್ಲಿ.

ಹಸಿರು ಊರು ಕಟ್ಟೋಣ ಅನ್ನುವ ಮಾತು ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಲಿಲ್ಲ. ಗೋಧಿ ಬೆಳೆಯುವ, ರಿಪಬ್ಲಿಕನ್ ಪಕ್ಷಕ್ಕೆ ಓಟು ಹಾಕುವ ಸೀಮೆ ಅದು. ಹಸಿರು ಅಂದರೆ ಪಟ್ಟಣದವರ ಶೋಕಿ ಅನ್ನುವ ಅನುಮಾನ. ಆಮೇಲೆ ಅವರೇ ಮಾತು ತಿರುಗಿಸಿಕೊಂಡರು: ನಮ್ಮ ತಾತಂದಿರೂ ಗಾಳಿಯಂತ್ರದಿಂದ ನೀರೆತ್ತಲಿಲ್ಲವೇ, ಮಳೆನೀರು ಹಿಡಿದಿಡಲಿಲ್ಲವೇ? ದೊಡ್ಡ ಸರ್ಕಾರಿ ಕಟ್ಟಡಗಳೆಲ್ಲ ಲೀಡ್ ಪ್ಲಾಟಿನಂ (ಪರಿಸರಸ್ನೇಹಿ ಕಟ್ಟಡಕ್ಕೆ ಕೊಡುವ ಅತಿ ಮೇಲಿನ ದರ್ಜೆ) ಮಟ್ಟದಲ್ಲೇ ಇರಬೇಕು ಅಂತ ಅದೇ ವರ್ಷ ಠರಾವು ಮಾಡಿದರು, ಅಮೆರಿಕದಲ್ಲೇ ಮೊದಲು. ಊರಾಚೆ ಹತ್ತು ಗಾಳಿಯಂತ್ರ, 12.5 ಮೆಗಾವ್ಯಾಟ್.

ಚೆನ್ನಾಗಿದೆ. ಆದರೆ ಜನ ವಾಪಸ್ ಬರಲಿಲ್ಲ, ಅದನ್ನ ಯಾರೂ ಜಾಸ್ತಿ ಹೇಳುವುದಿಲ್ಲ. 2000ದ ಜನಗಣತಿಯಲ್ಲಿ 1,574, 2010ರಲ್ಲಿ 777, 2020ರಲ್ಲಿ 740. ಹಳೇ ಮನೆಯ ವಿಮೆ ಹಣದಲ್ಲಿ ಹೊಸ ಮನೆ ಏಳುವುದಿಲ್ಲ. ವಯಸ್ಸಾದವರು ಮಕ್ಕಳ ಊರಿಗೆ ಹೋದರು. ನೀವು ನೋಡಿದ ಮನೆಯಿಲ್ಲದ ದಾರಿಗಳು ಅವರವು.

ಅಡಿಟಿಪ್ಪಣಿ_ಅಣ್ಣ

ಒಂದು ತಕರಾರು. ಇಂಗ್ಲೆಂಡಿನ ಬ್ರೈಟನ್ ಹತ್ತಿರ ವುಡಿಂಗ್‌ಡೀನ್ ಬಾವಿ ಇದೆ. 1858ರಿಂದ 1862ರವರೆಗೆ ಕೈಯಲ್ಲೇ ತೋಡಿದ್ದು, ಆಳ 1,285 ಅಡಿ. 109 ಅಡಿ ಅದರ ಮುಂದೆ ಯಾವ ಲೆಕ್ಕ? ಬೋರ್ಡು ಸುಳ್ಳು.

ಬಾವಿಕಟ್ಟೆ

ಅದು ಆಳದಲ್ಲಿ ದೊಡ್ಡದು ಅಣ್ಣ, ಅಗಲ ಆರು ಅಡಿಯೂ ಮೀರದು. ಅಗಲದಲ್ಲೂ ಇಟಲಿಯ ಓರ್ವಿಯೆಟೊ ಬಾವಿ ಇದನ್ನ ಮೀರಿಸುತ್ತೆ ಅಂತ ನೀವು ಮುಂದೆ ಹೇಳುತ್ತೀರಿ, ಗೊತ್ತು. ಒಪ್ಪಿದೆ. ಬೋರ್ಡು ಸ್ವಲ್ಪ ಊರ ಜಂಬ. ಏಳುನೂರ ನಲವತ್ತು ಜನರಿಗೆ ಅಷ್ಟು ಜಂಬ ಇರಲಿ ಬಿಡಿ.

ರಾಗಿಮುದ್ದೆ_ವಿಚಿಟಾ

ಸರ್, ಜಾಡಿ ಕತೆ ಮನೆಯಲ್ಲಿ ಓದಿ ಹೇಳಿದೆ. ಮುಂದಿನ ತಿಂಗಳು ಮತ್ತೆ ಹೋಗುತ್ತೇವೆ. ಹಳೇದು ಅಂತ ಏನಾದರೂ ಉಳಿದಿದೆಯಾ, ಎಲ್ಲಿ ನೋಡಲಿ?

ಬಾವಿಕಟ್ಟೆ

ಮೇನ್ ಸ್ಟ್ರೀಟ್‌ನಲ್ಲಿ ಇಟ್ಟಿಗೆಯ ರಾಬಿನೆಟ್ ಕಟ್ಟಡ, ಆಮೇಲೆ ಕೌಂಟಿ ಕೋರ್ಟು. ಎರಡೂ 1910ರ ದಶಕದವು. ಕಣಜವಂತೂ ಕಂಡೇ ಕಾಣುತ್ತೆ. ಮ್ಯೂಸಿಯಂಗೆ ಮಧ್ಯಾಹ್ನವೇ ಹೋಗಿ. 2012ರಲ್ಲಿ ಹೊಸದಾಗಿ ತೆರೆದದ್ದು, ಈಗ ಸುರುಳಿ ಮೆಟ್ಟಿಲಿನಲ್ಲಿ ಸ್ವಲ್ಪ ದೂರ ಇಳಿಯಬಹುದು, ತಳದವರೆಗೆ ಬಿಡುವುದಿಲ್ಲ. ಅಲ್ಲೇ ಒಂದು ಉಲ್ಕಾಶಿಲೆ ಇದೆ, ಸಾವಿರ ಪೌಂಡು ತೂಕ, 1949ರಲ್ಲಿ ಸುತ್ತಲಿನ ಹೊಲವೊಂದರಲ್ಲಿ ಸಿಕ್ಕಿದ್ದು. ಹಳೇ ಮ್ಯೂಸಿಯಂ ಕುಸಿದಾಗ ಅದೂ ಅವಶೇಷದಡಿ ಸೇರಿತ್ತು. ಮಗಳಿಗೆ ಅದನ್ನ ತೋರಿಸಿ.

ಮತ್ತೆ ಊರಿಂದ ದಕ್ಷಿಣಕ್ಕೆ, ನದಿ ಕಡೆಗೆ ಒಂದೆರಡು ಮೈಲಿ ಕಾರು ಬಿಡಿ. ಚಕ್ರದಡಿ ಬಾವಿ ಮಣ್ಣೇ ಇದೆಯೋ ಏನೋ.